ಟಪಾಲು ಮೇಜಿನ ಆ ಕುರ್ಚಿಗೆ ಕನ್ನಡಿಗ ಬೇಕು!



ಹಲಸೂರು ಕೆರೆಯ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಹೊರಗೆ ನೋಡಿ. ಉದ್ದಕ್ಕೂ ಮಿಲಿಟರಿ ಕಾಂಪೌಂಡು. ಮದ್ರಾಸ್ ಸ್ಯಾಪರ್ಸ್ ಕೇಂದ್ರ, ಎ.ಎಸ್.ಸಿ. ಕೇಂದ್ರ, ರಕ್ಷಣಾ ಲೆಕ್ಕಪತ್ರ ಕಚೇರಿ, ಸಿ.ವಿ. ರಾಮನ್ ನಗರದ ಡಿ.ಆರ್.ಡಿ.ಒ. ಪ್ರಯೋಗಾಲಯಗಳು, ಎಲ್ಲವೂ ನಮ್ಮ ಬೆಂಗಳೂರಿನಲ್ಲೇ ಇವೆ. ಬೆಳಗಾವಿಯಲ್ಲಿ ಮರಾಠಾ ರೆಜಿಮೆಂಟಿನ ಕೇಂದ್ರ, ಕಾರವಾರದಲ್ಲಿ ನೌಕಾನೆಲೆ. ಗೇಟಿನಲ್ಲಿ ಬಂದೂಕು ಹಿಡಿದು ನಿಂತ ಜವಾನ ಎಲ್ಲರಿಗೂ ಕಾಣುತ್ತಾನೆ. ಕಾಣದೆ ಇರುವವನು ಒಳಗೆ ಟಪಾಲು ಮೇಜಿನ ಹಿಂದೆ ಕೂತ ಗುಮಾಸ್ತ. ಈ ಸಂಚಿಕೆಯ ಮಾತು ಅವನ ಕುರ್ಚಿಯ ಬಗ್ಗೆ.

ಏನು ಮಹಾ ಕೆಲಸ ಅದು ಅಂತ ಮೂಗು ಮುರಿಯಬೇಡಿ. ಅಮೆರಿಕದಲ್ಲಿ ಇದೇ ಕೆಲಸಕ್ಕೆ ‘ಕರೆಸ್ಪಾಂಡೆನ್ಸ್ ಅನಲಿಸ್ಟ್’ ಅಂತ ಠೀವಿಯ ಹೆಸರಿದೆ. ನಮ್ಮಲ್ಲಿ ಎಲ್.ಡಿ.ಸಿ., ಯು.ಡಿ.ಸಿ., ಅಸಿಸ್ಟೆಂಟ್ ಅಂತಾರೆ. ಹೆಸರು ಬೇರೆ, ದುಡಿಮೆ ಒಂದೇ. ಬೆಳಿಗ್ಗೆ ಟಪಾಲು ಬರುತ್ತದೆ. ಲಕೋಟೆ ಒಡೆಯಬೇಕು, ತಾರೀಖಿನ ಮೊಹರು ಒತ್ತಬೇಕು, ಡೈರಿ ನಂಬರ್ ಕೊಡಬೇಕು. ಆಮೇಲೆ ಅಸಲಿ ಕೆಲಸ: ಓದುವುದು. ಇದು ಪಿಂಚಣಿಯ ದೂರೋ, ಕೋರ್ಟಿನ ನೋಟಿಸೋ, ಎಂ.ಪಿ.ಯ ಪತ್ರವೋ, ಮಾಹಿತಿ ಹಕ್ಕಿನ ಅರ್ಜಿಯೋ? ಯಾವ ಶಾಖೆಗೆ ಹೋಗಬೇಕು? ಇದೇ ವಿಷಯದಲ್ಲಿ ಹಳೆಯ ಫೈಲು ಇದೆಯೇ? ಎಷ್ಟು ದಿನದಲ್ಲಿ ಉತ್ತರ ಕೊಡಬೇಕು? ಎಂ.ಪಿ. ಬರೆದ ಕಾಗದವಾದರೆ 15 ದಿನದೊಳಗೆ ತಲುಪಿದೆ ಅಂತ ತಿಳಿಸಬೇಕು, ಮುಂದಿನ 15 ದಿನದೊಳಗೆ ಉತ್ತರ ಹೋಗಬೇಕು. ಇದು ಕೇಂದ್ರ ಸರ್ಕಾರದ ಕಚೇರಿ ಕೈಪಿಡಿಯಲ್ಲೇ ಇರುವ ಮಾತು. ಬಡವ ಬರೆದ ಕಾಗದಕ್ಕೆ? ಅದು ಓದುವವನ ಕಣ್ಣಿಗೆ, ಅವನ ಮನಸ್ಸಿಗೆ ಬಿಟ್ಟದ್ದು.

ನಾನು ಓದಿದ್ದು ಪಿ.ಯು.ಸಿ. ಮಾತ್ರ. ಆ ಕಚೇರಿಗಳಲ್ಲೂ ಒಂದು ಪಿ.ಯು.ಸಿ. ಇದೆ: ‘ಪೇಪರ್ ಅಂಡರ್ ಕನ್ಸಿಡರೇಷನ್’, ಅಂದರೆ ಪರಿಶೀಲನೆಯಲ್ಲಿರುವ ಕಾಗದ. ನಾನು ಎರಡು ವರ್ಷದಲ್ಲಿ ಪಿ.ಯು.ಸಿ. ಮುಗಿಸಿದೆ. ಅಲ್ಲಿಯ ಪಿ.ಯು.ಸಿ. ಕೆಲವು ಸಲ ಮುಗಿಯುವುದೇ ಇಲ್ಲ!

ಮುಗಿಯದ ಒಂದು ಕಾಗದದ ಕಥೆ ಹೇಳುತ್ತೇನೆ. ನಮ್ಮ ಪ್ರೆಸ್ಸಿಗೆ ಜನ ಲಗ್ನಪತ್ರಿಕೆ ಮಾಡಿಸೋಕೆ ಮಾತ್ರ ಬರುವುದಿಲ್ಲ, ಅರ್ಜಿ ಟೈಪ್ ಮಾಡಿಸೋಕೂ ಬರುತ್ತಾರೆ. ಹೀಗೇ ಹಾಸನದ ಕಡೆಯ ಒಬ್ಬ ತಾಯಿ ಬಂದರು. ಗಂಡ ಹವಾಲ್ದಾರ್ ಆಗಿ ನಿವೃತ್ತರಾಗಿ ತೀರಿಕೊಂಡಿದ್ದರು. ಕುಟುಂಬ ಪಿಂಚಣಿ ಶುರುವಾಗಿರಲಿಲ್ಲ. ಮೊಮ್ಮಗಳ ಕೈಯಲ್ಲಿ ಕನ್ನಡದಲ್ಲಿ ಬರೆಸಿ ಒಂದು ರಕ್ಷಣಾ ಕಚೇರಿಗೆ ರಿಜಿಸ್ಟರ್ ಪೋಸ್ಟ್ ಮಾಡಿದ್ದರು. ಕಚೇರಿಯ ಹೆಸರು ಇಲ್ಲಿ ಬೇಡ. ಹನ್ನೊಂದು ತಿಂಗಳು ಕಳೆದ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು: ನಿಮ್ಮ ಪತ್ರ ಸ್ಪಷ್ಟವಾಗಿಲ್ಲ, ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮತ್ತೆ ಸಲ್ಲಿಸಿ.

‘ಇದರಾಗೆ ಏನು ಬರೆದವ್ರೆ ಓದಪ್ಪ’ ಅಂತ ಆಕೆ ನನ್ನ ಕೈಗೆ ಕೊಟ್ಟರು. ಜೊತೆಗೆ ಮೊಮ್ಮಗಳ ಕಾಗದದ ಜೆರಾಕ್ಸೂ ಇತ್ತು. ಗೆಳೆಯರೇ, ಅದು ಅಚ್ಚಿನ ಮೊಳೆ ಜೋಡಿಸಿದ ಹಾಗೆ ಮುದ್ದಾದ ಅಕ್ಷರ! ಗಂಡನ ಸರ್ವಿಸ್ ನಂಬರ್, ರ‍್ಯಾಂಕು, ತೀರಿಕೊಂಡ ತಾರೀಖು ಎಲ್ಲ ಇತ್ತು. ಸ್ಪಷ್ಟ ಇಲ್ಲದ್ದು ಯಾವುದು? ಕಾಗದವೋ, ಓದುವವನ ಕಣ್ಣೋ?

ತೊಂದರೆ ಇದ್ದದ್ದು ಒಂದೇ ಅಕ್ಷರದಲ್ಲಿ. ಆಕೆಯ ಹೆಸರಿನಲ್ಲಿ ‘ಕ್ಷ’ ಇದೆ. ಲಕ್ಷ್ಮಮ್ಮ ಅಂತಲೇ ಇಟ್ಟುಕೊಳ್ಳಿ. ಸೇನೆಯ ದಾಖಲೆಯಲ್ಲಿ ಯಾರೋ ಇಂಗ್ಲಿಷಿನ ‘ಎಕ್ಸ್’ ಹಾಕಿ ಬರೆದಿದ್ದರು. ಆಧಾರ್‌ನಲ್ಲಿ ‘ಕೆ, ಎಸ್, ಎಚ್’ ಹಾಕಿ ಬರೆದಿದ್ದರು. ಕಂಪ್ಯೂಟರಿಗೆ ಅವರು ಇಬ್ಬರು ಹೆಂಗಸರು! ಕನ್ನಡ ಬಲ್ಲ ಯಾರಿಗೇ ತೋರಿಸಿದರೂ ಎರಡೂ ಒಂದೇ ಹೆಸರು ಅಂತ ಅರೆಗಳಿಗೆಯಲ್ಲಿ ಹೇಳುತ್ತಿದ್ದರು. ಯಾವ ದಾಖಲೆ ಲಗತ್ತಿಸಬೇಕು ಅಂತ ಅವತ್ತೇ ಒಂದು ಸಾಲು ಬರೆದು ಕಳಿಸಬಹುದಿತ್ತು. ನನ್ನ ಅಕ್ಕನ ಮಗನನ್ನು ಕೂರಿಸಿಕೊಂಡು ಹರಕು ಮುರುಕು ಇಂಗ್ಲಿಷಿನಲ್ಲಿ ಅದೇ ಕಾಗದ ಟೈಪ್ ಮಾಡಿ ಕಳಿಸಿದೆವು. ಮೂರು ವಾರಕ್ಕೆ ಉತ್ತರ ಬಂತು. ಅದೇ ತಾಯಿ, ಅದೇ ದೂರು. ಬದಲಾದದ್ದು ಭಾಷೆ ಮಾತ್ರ. ಆ ಹನ್ನೊಂದು ತಿಂಗಳು ಆಕೆ ಅಂಗಡಿಯಲ್ಲಿ ಸಾಲ ಹೇಳಿ ಅಕ್ಕಿ ತಂದಿದ್ದರು. ಇದಕ್ಕೆ ಯಾರು ಹೊಣೆ?

ಕಾನೂನು ಏನು ಹೇಳುತ್ತದೆ, ನೋಡೋಣ. ಸಂವಿಧಾನದ 350ನೇ ವಿಧಿ ತೆಗೆದು ಓದಿ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಮಾಹಿತಿ ಹಕ್ಕು ಕಾಯ್ದೆ, 2005, ಅದರ 6ನೇ ಸೆಕ್ಷನ್ನು ಕೂಡ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೊಡಬಹುದು ಅನ್ನುತ್ತದೆ. ಅಂದರೆ ಬೆಂಗಳೂರಿನಲ್ಲಿ ಕನ್ನಡದಲ್ಲಿ ಬರೆಯುವುದು ನಮ್ಮ ಹಕ್ಕು, ಯಾರೂ ಕೊಡುವ ಭಿಕ್ಷೆ ಅಲ್ಲ.

ಆದರೆ ಮೋಸ ಇನ್ನೊಂದು ಪುಸ್ತಕದಲ್ಲಿದೆ. 1976ರ ರಾಜಭಾಷಾ ನಿಯಮಗಳು ದೇಶವನ್ನು ಮೂರು ವಲಯ ಮಾಡಿವೆ. ಕರ್ನಾಟಕ ಮೂರನೆಯ ವಲಯ. ತಮಿಳುನಾಡಿಗೆ ಈ ನಿಯಮಗಳು ಅನ್ವಯಿಸುವುದೇ ಇಲ್ಲ. ಅವರು ಹೊರಗೆ, ನಾವು ಒಳಗೆ! 5ನೇ ನಿಯಮ ಏನನ್ನುತ್ತದೆ ಗೊತ್ತೇ? ಹಿಂದಿಯಲ್ಲಿ ಬಂದ ಕಾಗದಕ್ಕೆ ಕೇಂದ್ರದ ಕಚೇರಿ ಹಿಂದಿಯಲ್ಲೇ ಉತ್ತರಿಸಬೇಕು. ಕನ್ನಡದಲ್ಲಿ ಬಂದ ಕಾಗದಕ್ಕೆ? ಮೂರನೆಯ ವಲಯದ ಜನರಿಗೆ ಇಂಗ್ಲಿಷಿನಲ್ಲಿ ಬರೆಯಬೇಕು ಅಂತ 3ನೇ ನಿಯಮ. ಕೇಳುವ ಹಕ್ಕು ಕನ್ನಡದಲ್ಲಿ, ಉತ್ತರ ಇಂಗ್ಲಿಷಿನಲ್ಲಿ. ಬಾಯಿ ಕೊಟ್ಟು ಕಿವಿ ಕಿತ್ತುಕೊಂಡ ಹಾಗೆ! ಈ ನಿಯಮ ಬದಲಾಗಬೇಕು. ಯಾವ ಭಾಷೆಯಲ್ಲಿ ಕಾಗದ ಬಂತೋ ಆ ಭಾಷೆಯಲ್ಲಿ ಉತ್ತರ ಹೋಗಬೇಕು. ಇದನ್ನು ನಮ್ಮ 28 ಲೋಕಸಭಾ ಸದಸ್ಯರು ಬಾಯಿಬಿಟ್ಟು ಕೇಳಬೇಕು.

ಸರಿ, ನಿಯಮ ನಾಳೆಯೇ ಬದಲಾಯಿತು ಅಂದುಕೊಳ್ಳಿ. ಕನ್ನಡದಲ್ಲಿ ಉತ್ತರ ಬರೆಯುವವರು ಯಾರು? ಆ ಕುರ್ಚಿಯಲ್ಲಿ ಕನ್ನಡಿಗ ಇದ್ದರೆ ತಾನೇ? ಕೇಂದ್ರದ ಇಲಾಖೆ, ಉದ್ದಿಮೆಗಳಲ್ಲಿ ‘ಸಿ’ ಮತ್ತು ‘ಡಿ’ ದರ್ಜೆಯ ಕೆಲಸ ಪೂರ್ತಿ ಕನ್ನಡಿಗರಿಗೇ ಸಿಗಬೇಕು ಅಂತ ಸರೋಜಿನಿ ಮಹಿಷಿ ಸಮಿತಿ 1986ರ ವರದಿಯಲ್ಲೇ ಹೇಳಿತು. ವರದಿ ಬಂದಾಗ ನಾನಿನ್ನೂ ಹುಡುಗ. ಈಗ ತಲೆ ನರೆತಿದೆ. ವರದಿ ಕಪಾಟಿನಲ್ಲೇ ಇದೆ.

ಇಲ್ಲಿ ಒಂದು ಕಹಿ ಮಾತು. ಸಿಟ್ಟಾಗಬೇಡಿ. ಆ ಕುರ್ಚಿಯಲ್ಲಿ ಬಿಹಾರದ ಹುಡುಗ ಕೂತಿದ್ದರೆ ತಪ್ಪು ಅವನದಲ್ಲ. ಹಗಲು ರಾತ್ರಿ ಓದಿ, ಪರೀಕ್ಷೆ ಪಾಸು ಮಾಡಿ, ಎರಡು ಸಾವಿರ ಕಿಲೋಮೀಟರು ರೈಲಿನಲ್ಲಿ ಬಂದಿದ್ದಾನೆ. ನಮ್ಮ ಹುಡುಗರು? ನಮ್ಮ ಬೀದಿಯ ಒಬ್ಬ ಪದವೀಧರನಿಗೆ ಎಸ್.ಎಸ್.ಸಿ. ಅರ್ಜಿ ಹಾಕಪ್ಪ ಅಂದೆ. ‘ಅಣ್ಣಾ, ಗುಮಾಸ್ತಗಿರಿಗೆ ಯಾರು ಹೋಗ್ತಾರೆ?’ ಅಂದ. ನವೆಂಬರ್ ಒಂದಕ್ಕೆ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ಬಾವುಟ ಹಿಡಿದವನೂ ಅವನೇ! ಗೇಟಿನ ಹೊರಗೆ ಎಷ್ಟು ಕೂಗಿದರೂ ಒಳಗಿನ ಟಪಾಲು ಮೇಜಿಗೆ ಅದು ಕೇಳಿಸುವುದಿಲ್ಲ.

ದಾರಿ ಸಲೀಸಲ್ಲ, ನಿಜ. ಎಸ್.ಎಸ್.ಸಿ.ಯ ಎಂ.ಟಿ.ಎಸ್. ಮತ್ತು ಸಿ.ಎಚ್.ಎಸ್.ಎಲ್. ಪರೀಕ್ಷೆಗಳನ್ನು ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಸಲು 2023ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಸ್ವಾತಂತ್ರ್ಯ ಬಂದು 75 ವರ್ಷ ಕಾದ ಮೇಲೆ! ಅದಕ್ಕೂ ಒಂದು ಕೊಕ್ಕೆ ಇದೆ. ಗುಮಾಸ್ತರ ಟೈಪಿಂಗ್ ಪರೀಕ್ಷೆ ಇಂಗ್ಲಿಷಿನಲ್ಲಿ ನಿಮಿಷಕ್ಕೆ 35 ಪದ, ಇಲ್ಲವೇ ಹಿಂದಿಯಲ್ಲಿ 30 ಪದ. ಕನ್ನಡಕ್ಕೆ ಅಲ್ಲಿ ಜಾಗ ಇಟ್ಟಿಲ್ಲ. ಪಾಸಾದವರಿಗೆಲ್ಲ ಬೆಂಗಳೂರೇ ಸಿಗುತ್ತದೆ ಅಂತಲೂ ಇಲ್ಲ. ಕಷ್ಟ ಅಂತ ಬಿಟ್ಟರೆ ಕುರ್ಚಿಯೂ ಬಿಟ್ಟ ಹಾಗೆ.

ಹಾಗಾದರೆ ಮಾಡಬೇಕಾದ್ದು ಏನು?

ಒಂದು: ಅರ್ಜಿ ಹಾಕಿ. ಪಿ.ಯು.ಸಿ. ಆದವರಿಗೆ ಸಿ.ಎಚ್.ಎಸ್.ಎಲ್., ಡಿಗ್ರಿ ಆದವರಿಗೆ ಸಿ.ಜಿ.ಎಲ್. ರಕ್ಷಣಾ ಲೆಕ್ಕಪತ್ರ ಇಲಾಖೆಯ ಆಡಿಟರ್ ಹುದ್ದೆಗಳು ತುಂಬುವುದು ಸಿ.ಜಿ.ಎಲ್. ಮೂಲಕವೇ. ಸಂಘದ ಕಚೇರಿಗಳು ಸಂಜೆ ಹೊತ್ತು ಖಾಲಿ ಇರುತ್ತವೆ. ಅಲ್ಲಿ ಕ್ಯಾರಂ ಬೋರ್ಡಿನ ಪಕ್ಕ ನಾಲ್ಕು ಕಂಪ್ಯೂಟರ್ ಇಟ್ಟು ಟೈಪಿಂಗ್ ಕಲಿಸೋಣ. ಮೊದಲ ಕಂಪ್ಯೂಟರ್ ನಮ್ಮ ಪ್ರೆಸ್ಸಿನದು.

ಎರಡು: ರಕ್ಷಣಾ ಕಚೇರಿಗೆ ಬರೆಯುವುದಿದ್ದರೆ ಕನ್ನಡದಲ್ಲೇ ಬರೆಯಿರಿ. ಮೇಲ್ಗಡೆ ‘ಸಂವಿಧಾನದ 350ನೇ ವಿಧಿಯನ್ವಯ ಮನವಿ’ ಅಂತ ಹಾಕಿ. ಹೆಸರು, ಸರ್ವಿಸ್ ನಂಬರು ಮಾತ್ರ ದಾಖಲೆಯಲ್ಲಿರುವ ಸ್ಪೆಲ್ಲಿಂಗಿನಲ್ಲೇ ಇಂಗ್ಲಿಷಿನಲ್ಲೂ ಬರೆಯಿರಿ. ಆದರೆ ಹೊಟ್ಟೆಪಾಡಿನ ಅವಸರ ಇರುವ ಬಡವರಿಗೆ ಹಟ ಕಲಿಸಬೇಡಿ. ಇಂಗ್ಲಿಷ್ ಪ್ರತಿಯನ್ನು ನೀವೇ ಕೂತು ಬರೆದುಕೊಟ್ಟು ಜೊತೆಗೆ ಲಗತ್ತಿಸಿ. ಹೋರಾಟದ ಭಾರವನ್ನು ವಿಧವೆಯ ಹೆಗಲ ಮೇಲೆ ಹೊರಿಸುವುದು ಕನ್ನಡ ಪ್ರೀತಿ ಅಲ್ಲ.

ಮೂರು: ಕೆಲಸ ಸಿಕ್ಕವರಿಗೆ ಒಂದು ಎಚ್ಚರಿಕೆ. ಅದು ರಕ್ಷಣಾ ಕಚೇರಿ. 1923ರ ಅಧಿಕೃತ ರಹಸ್ಯ ಕಾಯ್ದೆ ತಲೆಯ ಮೇಲೆ ತೂಗುತ್ತಿರುತ್ತದೆ. ಅಭಿಮಾನದ ಭರದಲ್ಲಿ ಫೈಲಿನ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರೆ ನೌಕರಿಯೂ ಹೋಗುತ್ತದೆ, ಜೈಲೂ ಕಾಯುತ್ತದೆ. ಅಲ್ಲಿ ನಿಮ್ಮ ಕನ್ನಡಸೇವೆ ಒಂದೇ: ಕನ್ನಡದಲ್ಲಿ ಬಂದ ಕಾಗದವನ್ನು ಪೂರ್ತಿ ಓದಿ, ಸರಿಯಾದ ಟಿಪ್ಪಣಿ ಬರೆದು, ಸರಿಯಾದ ಮೇಜಿಗೆ ಅವತ್ತೇ ಕಳಿಸುವುದು.

ಆ ತಾಯಿಗೆ ಈಗ ಪಿಂಚಣಿ ಬರುತ್ತಿದೆ. ಮೊನ್ನೆ ಪ್ರೆಸ್ಸಿಗೆ ಬಂದು ಒಂದು ಚೀಲ ಆಲೂಗಡ್ಡೆ ಇಟ್ಟು ಹೋದರು. ಮೊಮ್ಮಗಳು ಈಗ ಎರಡನೇ ಪಿ.ಯು.ಸಿ. ‘ಮುಂದೆ ಏನವ್ವ ಮಾಡ್ತೀಯ?’ ಅಂತ ಕೇಳಿದೆ. ‘ಆ ಕಾಗದ ಓದೋ ಕೆಲಸಕ್ಕೆ ಏನು ಓದಬೇಕು ಮಾಮ?’ ಅಂದಳು. ಸಿ.ಎಚ್.ಎಸ್.ಎಲ್. ಪುಸ್ತಕ ತರಿಸಿಕೊಟ್ಟಿದ್ದೇನೆ.

ಹಳ್ಳಿಯ ಹುಡುಗಿಗೆ ತಿಳಿದದ್ದು ಬೆಂಗಳೂರಿನ ನಿಮಗೆ ತಿಳಿಯದೇ?