ಕೆನ್ನೆಯೊಳಗಿನ ಅತಿಥಿ

ಪುತ್ತೂರು, ಸುಳ್ಯ, ಕಡಬ ಸೀಮೆಯ ಬಯಲಾಟಗಳಲ್ಲಿ ಬಣ್ಣದ ವೇಷಧಾರಿಯು ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು, ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯನ್ನು ಮುಖದ ಮೇಲೆ ಇಟ್ಟುಕೊಳ್ಳುತ್ತಾನೆ. ಮುಖ ಇಮ್ಮಡಿಯಾಗಿ ರಾಕ್ಷಸನು ಮೈದೋರುತ್ತಾನೆ. ಆಟ ಮುಗಿದೊಡನೆ ಚುಟ್ಟಿ ಕಳಚಿ ಬೀಳುತ್ತದೆ; ಹಳೆಯ ಮುಖ ಮರಳುತ್ತದೆ.

ಈಗಿನ ಹೊಸ ಅಲಂಕಾರವು ಚರ್ಮದ ಮೇಲಿನದಲ್ಲ, ಕೆಳಗಿನದು. ಬತ್ತಿದ ಕೆನ್ನೆಗೆ, ತೆಳುವಾದ ತುಟಿಗೆ, ಕಣ್ಣಡಿಯ ಕುಳಿಗೆ ಸೂಜಿಯಿಂದ ಲೋಳೆಯಂಥ ದ್ರವ್ಯವನ್ನು ತುಂಬುತ್ತಾರೆ. ಇದಕ್ಕೆ ‘ಫಿಲ್ಲರ್’ ಎಂದು ಹೆಸರು. ತುಂಬಿಸಿಕೊಂಡವರನ್ನು ಕಾಡುವ ಚಿಂತೆಗಳು ಎರಡು: ಮುಖ ಊದಿತೇಕೆ? ಇಟ್ಟದ್ದು ಇಟ್ಟಲ್ಲಿಯೇ ಇರುವುದೇ?

ಈ ಚಿಂತೆ ಹೊಸದಲ್ಲ. 1899ರಲ್ಲಿ ವಿಯೆನ್ನಾದ ವೈದ್ಯ ರಾಬರ್ಟ್ ಗೆರ್ಸೂನಿ ಪೆಟ್ರೋಲಿಯಂ ಜೆಲ್ಲಿಯನ್ನು ದೇಹದೊಳಕ್ಕೆ ಚುಚ್ಚಿ ಕೊರತೆಯನ್ನು ತುಂಬಿದನು. ಬಳಿಕ ಪ್ಯಾರಾಫಿನ್ ಮೇಣ ಬಳಕೆಗೆ ಬಂದಿತು. ಮುಂದೆ ಮಾರ್ಲ್‌ಬರೋದ ಡಚೆಸ್ ಆದ ಸುಪ್ರಸಿದ್ಧ ಸುಂದರಿ ಗ್ಲಾಡಿಸ್ ಡೀಕನ್, ತನ್ನ ಯೌವನದಲ್ಲಿ ಮೂಗನ್ನು ತಿದ್ದಿಸಿಕೊಳ್ಳಲು ಅದನ್ನೇ ಚುಚ್ಚಿಸಿಕೊಂಡಳು. ಮೇಣವು ಜಾರಿ ಗಲ್ಲದತ್ತ ಇಳಿಯಿತು. ಯಾವ ರೂಪಕ್ಕಾಗಿ ಅಷ್ಟೆಲ್ಲ ಮಾಡಿದಳೋ ಆ ರೂಪವೇ ಕೆಟ್ಟಿತು.

ಇಂದಿನ ದ್ರವ್ಯ ಮೇಣವಲ್ಲ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನಿಂದ ಬೇರ್ಪಡಿಸಿದ ಹಯಲುರಾನಿಕ್ ಆಮ್ಲವೇ ಇಂದಿನ ಹೆಚ್ಚಿನ ಫಿಲ್ಲರುಗಳ ಮೂಲ. ಅದು ನಮ್ಮ ಚರ್ಮದಲ್ಲಿಯೂ ಸಹಜವಾಗಿ ಉಂಟು. ನೀರಿಗೆ ಹಾಕಿದ ಕಾಮಕಸ್ತೂರಿ ಬೀಜದಂತೆ ಅದು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಆದುದರಿಂದ ಚುಚ್ಚಿದ ಮೊದಲ ಕೆಲವು ದಿನಗಳಲ್ಲಿ ಬಾವು ಬರುವುದು ಸಾಮಾನ್ಯ; ಹೆಚ್ಚಾಗಿ ಒಂದೆರಡು ವಾರದೊಳಗೆ ಇಳಿಯುತ್ತದೆ. ತಿಂಗಳುಗಳ ಬಳಿಕವೂ ಸೋಂಕು, ಹಲ್ಲಿನ ಚಿಕಿತ್ಸೆ ಮೊದಲಾದ ಕಾರಣಗಳಿಂದ ಮತ್ತೆ ಊದುವುದುಂಟು.

ಇನ್ನು ಸರಿಯುವ ಮಾತು. ಸಣ್ಣ ಗದ್ದೆಗೆ ಹೆಚ್ಚು ನೀರು ಬಿಟ್ಟರೆ ಅದು ಹುಣಿಯನ್ನು ಮೀರಿ ಹರಿಯುತ್ತದೆ. ಪುಟ್ಟ ತುಟಿಗೆ ಮೇಲಿಂದ ಮೇಲೆ ತುಂಬಿದರೆ ದ್ರವ್ಯವೂ ಅಂಚನ್ನು ದಾಟಿ ಮೀಸೆಯ ಜಾಗಕ್ಕೆ ಬರುತ್ತದೆ. ಒತ್ತಿ ತೀಡುವುದೂ, ಮಾತು ನಗೆಗಳಲ್ಲಿ ಸ್ನಾಯುಗಳ ನಿರಂತರ ಚಲನೆಯೂ ಅದಕ್ಕೆ ನೆರವಾಗಬಲ್ಲವು. ವರ್ಷದೊಳಗೆ ಕರಗಿಹೋಗುವುದೆಂಬ ನಂಬಿಕೆಯಿದ್ದರೂ, ಅನೇಕರಲ್ಲಿ ಅದು ವರ್ಷಗಳ ಕಾಲ ಉಳಿದಿರುವುದು ಎಂ.ಆರ್.ಐ. ಚಿತ್ರಗಳಲ್ಲಿ ಕಂಡುಬಂದಿದೆ.

ಸಮಾಧಾನದ ಸಂಗತಿಯೆಂದರೆ, ಹಯಲುರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚಿ ಇದನ್ನು ಕರಗಿಸಬಹುದು. ಸಿಲಿಕೋನಿನಂಥ ದ್ರವ್ಯಗಳಿಗೆ ಈ ಉಪಾಯವಿಲ್ಲ. ಅವನ್ನು ತೆಗೆಯಲು ಶಸ್ತ್ರವೇ ಬೇಕಾದೀತು. ಆದುದರಿಂದ ಸೂಜಿಗೆ ಮುಖವೊಡ್ಡುವ ಮೊದಲೇ ಮೂರು ಪ್ರಶ್ನೆಗಳನ್ನು ಕೇಳಬೇಕು: ಚುಚ್ಚುವವರು ತರಬೇತಿ ಪಡೆದ ವೈದ್ಯರೇ? ದ್ರವ್ಯ ಯಾವುದು? ಅದನ್ನು ಕರಗಿಸುವ ಔಷಧ ಅಲ್ಲಿಯೇ ಇದೆಯೇ?

ಚುಚ್ಚಿದೊಡನೆ ಅಥವಾ ಸ್ವಲ್ಪ ಹೊತ್ತಿನಲ್ಲಿ ಚರ್ಮ ಬಿಳಿಚಿಕೊಂಡರೆ, ಬಲೆಯಂತೆ ನೀಲಿಗಟ್ಟಿದರೆ, ತೀವ್ರ ನೋವು ಬಂದರೆ, ದೃಷ್ಟಿ ಮಸುಕಾದರೆ ಅದು ಬರಿಯ ಬಾವಲ್ಲ. ದ್ರವ್ಯವು ರಕ್ತನಾಳವನ್ನು ಮುಚ್ಚಿರಬಹುದು. ಆಗ ಒಂದು ನಿಮಿಷವನ್ನೂ ಕಳೆಯಬಾರದು. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು; ಸುಳ್ಯದಿಂದ ಇನ್ನೂ ದೂರ. ‘ನಾಳೆ ನೋಡೋಣ’ ಎನ್ನುವಷ್ಟು ವ್ಯವಧಾನ ಕಣ್ಣಿಗೆ ಇರುವುದಿಲ್ಲ.

ಆದರೆ ದಾರಿಯ ದೂರಕ್ಕಿಂತ ದೊಡ್ಡ ಅಡ್ಡಿ ನಾಚಿಕೆ. ಗುಟ್ಟಾಗಿ ಮಾಡಿಸಿಕೊಂಡದ್ದನ್ನು ಅತ್ತೆಗೆ ಹೇಳುವುದು ಹೇಗೆ, ಪರಿಚಯದ ವೈದ್ಯರೆದುರು ಬಾಯಿಬಿಡುವುದು ಹೇಗೆ ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತರೆ ರೋಗಕ್ಕೆ ಅನುಕೂಲ. ಮನೆಯ ಹಿರಿಯರು ಬೈಯುವುದಿದ್ದರೆ ಆಸ್ಪತ್ರೆಯಿಂದ ಹಿಂದಿರುಗಿದ ಮೇಲೆ ಬೈಯಲಿ. ಮೊದಲು ಕಾರು ಹೊರಡಿಸಲಿ.