ಪ್ಲಗ್ ಮುರಿದ್ರೆ ಯೆಜ್ಡಿ ಮೆಕ್ಯಾನಿಕ್ ಹತ್ರ ಹೋಗಿ

ಬ್ರಷ್ ಕಟರ್‌ನ ಸ್ಪಾರ್ಕ್ ಪ್ಲಗ್ ಒಳಗೇ ಮುರಿದ್ರೆ ಸುತ್ತಿಗೆ, ಉಳಿ ಹಿಡಿಯಬೇಡಿ. ಪ್ಲಗ್ ಉಕ್ಕಿನದು, ಸಿಲಿಂಡರ್ ಮೆತ್ತನೆಯ ಅಲ್ಯೂಮಿನಿಯಂ. ಥ್ರೆಡ್ ಹಾಳಾದ್ರೆ ಖರ್ಚು ಬೆಳೆಯುತ್ತೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಆಮೇಲೆ ಈಸಿ-ಔಟ್ ಹಾಕಿ ಎಡಕ್ಕೆ ನಿಧಾನವಾಗಿ ತಿರುಗಿಸಬೇಕು. ಪಿಂಗಾಣಿ ಚೂರು ಒಳಗೆ ಬಿದ್ದಿರೋ ಅನುಮಾನ ಇದ್ರೆ ಸಿಲಿಂಡರ್ ಬಿಚ್ಚಿ ತೆಗೆಯೋವರೆಗೂ ಸ್ಟಾರ್ಟ್ ಮಾಡಲೇಬೇಡಿ.

ನನ್ನ ಪ್ರಕಾರ ಇದನ್ನ ವಿಡಿಯೋಗಿಂತ ಪಳಗಿದ ಕೈ ಚೆನ್ನಾಗಿ ಕಲಿಸುತ್ತೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಟೂ-ಸ್ಟ್ರೋಕ್ ಬೈಕ್ ತಯಾರಿಸಿತು. ಆ ಗಾಡಿಗಳನ್ನ ಬಿಚ್ಚಿ ಜೋಡಿಸಿದ ಹಳೇ ಮೆಕ್ಯಾನಿಕ್‌ಗಳು ನಗರದಲ್ಲಿ ಇನ್ನೂ ಇದ್ದಾರೆ. ನಮ್ಮ ಎಷ್ಟೋ ಕಟರ್‌ಗಳ ಎಂಜಿನ್ನೂ ಅದೇ ಜಾತಿ. ಅರ್ಧ ದಿನ ಅವರ ಪಕ್ಕ ಕೂತು ಕಲೀರಿ. ಕಳೆ ಕಾಯಲ್ಲ, ನಿಜ. ಹಾಳಾದ ಸಿಲಿಂಡರ್ ಇನ್ನೂ ಹೆಚ್ಚು ದಿನ ಕಾಯಿಸುತ್ತೆ.