ಎಲೆಯ ಬೆನ್ನನ್ನು ನೋಡಿರಿ

ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಅಂಗಳವಿಲ್ಲದಿರಬಹುದು; ಗಿಡವಿಲ್ಲದ ಮನೆ ಮಾತ್ರ ಅಪರೂಪ. ಮೂರನೆಯ ಅಂತಸ್ತಿನ ಬಾಲ್ಕನಿಯಲ್ಲೋ ಅಡಿಗೆಮನೆಯ ಕಿಟಕಿಯ ಕಟ್ಟೆಯ ಮೇಲೋ ಒಂದು ತುಳಸಿ, ಒಂದು ಕರಿಬೇವು, ಒಂದೆರಡು ಮೆಣಸಿನ ಗಿಡಗಳು ಕುಂಡಗಳಲ್ಲಿ ಬೆಳೆಯುತ್ತಿರುತ್ತವೆ. ಇವುಗಳಲ್ಲಿ ಕೆಲವು ಊರಿನಿಂದ ರೈಲಿನಲ್ಲಿ ಎರಡು ರಾತ್ರಿ ಪ್ರಯಾಣ ಮಾಡಿ ಬಂದವು. ಇಂಥ ಗಿಡದ ಎಲೆ ಮುದುಡಿತೆಂದರೆ ಮನೆಯವರು ಮಾಡುವುದೇನು? ಒಬ್ಬರು ನೀರು ಸಾಲದೆಂದು ಕೊಡಗಟ್ಟಲೆ ಸುರಿಯುವರು. ಇನ್ನೊಬ್ಬರು ಗೊಬ್ಬರ ಹಾಕುವರು. ಮತ್ತೊಬ್ಬರು ಅಂಗಡಿಯಿಂದ ಕೀಟನಾಶಕವನ್ನು ತಂದು ಸಿಂಪಡಿಸುವರು. ಎಲೆಯನ್ನು ತಿರುವಿ ಅದರ ಬೆನ್ನನ್ನು ನೋಡುವವರು ವಿರಳ. ನೋಡದೆ ಮದ್ದು ಹಾಕುವ ಈ ಅಭ್ಯಾಸವು ತೊಲಗಬೇಕೆಂಬುದು ನನ್ನ ಅಭಿಪ್ರಾಯ. ಅದನ್ನು ತೊಲಗಿಸಬಲ್ಲವರು ವಿದ್ಯಾರ್ಥಿಗಳೇ ಎಂಬುದು ನನ್ನ ನಂಬಿಕೆ.

ಎಲೆ ಮುದುಡುವುದು ರೋಗವಲ್ಲ, ರೋಗದ ಚಿಹ್ನೆ. ಮೈ ಬಿಸಿಯಾದ ಮಾತ್ರಕ್ಕೆ ಎಲ್ಲರಿಗೂ ಒಂದೇ ಔಷಧಿಯನ್ನು ಕೊಡುವ ವೈದ್ಯನನ್ನು ನಾವು ವೈದ್ಯನೆನ್ನುವೆವೆ? ಗಿಡದ ವಿಷಯದಲ್ಲಿಯೂ ಹಾಗೆಯೇ.

ಎಷ್ಟೋ ವೇಳೆ ಕೀಟವೇ ಇರುವುದಿಲ್ಲ. ಮೇ, ಜೂನ್ ತಿಂಗಳುಗಳಲ್ಲಿ ಇಲ್ಲಿ ಉಷ್ಣತೆಯು 45 ಡಿಗ್ರಿಯನ್ನು ಮುಟ್ಟುವುದುಂಟು. ಜೊತೆಗೆ 'ಲೂ' ಎಂಬ ಒಣ ಬಿಸಿಗಾಳಿ. ಆಗ ಎಲೆಯು ತನ್ನಲ್ಲಿರುವ ನೀರನ್ನು ಉಳಿಸಿಕೊಳ್ಳಲು ತಾನಾಗಿಯೇ ಮಡಿಚಿಕೊಳ್ಳುತ್ತದೆ. ಸಂಜೆ ತಂಪಾದೊಡನೆ ಬಿಚ್ಚಿಕೊಂಡರೆ ಚಿಂತೆಗೆ ಕಾರಣವಿಲ್ಲ. ಕುಂಡದ ಮಣ್ಣು ಸದಾ ಕೆಸರಾಗಿದ್ದರೆ ಬೇರುಗಳಿಗೆ ಗಾಳಿ ದೊರೆಯದೆ ಅವು ಕೊಳೆಯುತ್ತವೆ. ಆಗಲೂ ಎಲೆ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡು ಮತ್ತಷ್ಟು ನೀರೆರೆಯುವುದು ಮುಳುಗುವವನಿಗೆ ನೀರು ಕುಡಿಸಿದಂತೆ. ಚಳಿಗಾಲದಲ್ಲಿ ಹೀಟರಿನ ಒಣಗಾಳಿಗೆ ಎದುರಾಗಿಟ್ಟ ಕುಂಡಕ್ಕೂ, ಗಡಸುನೀರಿನ ಉಪ್ಪು ಮಣ್ಣಿನ ಮೇಲೆ ಬೆಳ್ಳಗೆ ಕಟ್ಟಿಕೊಂಡ ಕುಂಡಕ್ಕೂ ಇಂಥ ಕಷ್ಟಗಳು ತಪ್ಪಿದ್ದಲ್ಲ. ಬೆರಳನ್ನು ಒಂದು ಅಂಗುಲದಷ್ಟು ಮಣ್ಣಿನಲ್ಲಿ ಊರಿ ತೇವವನ್ನು ಪರೀಕ್ಷಿಸುವುದೇ ಮೊದಲ ಕೆಲಸ.

ಎರಡನೆಯದು ಎಲೆಯ ಬೆನ್ನಿನ ಪರೀಕ್ಷೆ. ಚಿಗುರಿನಲ್ಲಿ ಹಸಿರು ಅಥವಾ ಕಪ್ಪು ಹೇನುಗಳು ಗುಂಪುಗೂಡಿ ರಸ ಹೀರುತ್ತಿದ್ದರೆ ಎಲೆಯ ಮೇಲೆ ಜಿನುಗಿದ ಸಿಹಿಯಂಟು ಕೈಗೆ ತಾಕುತ್ತದೆ. ಅದನ್ನು ಅರಸಿ ಇರುವೆಗಳು ಬರುತ್ತವೆ; ಕುಂಡವನ್ನು ಏರುವ ಇರುವೆಯ ಸಾಲೇ ಹೇನಿನ ಗುಟ್ಟನ್ನು ಹೇಳಿಬಿಡುತ್ತದೆ. ಹತ್ತಿಯ ಎಳೆಯಂತೆ ಬೆಳ್ಳಗೆ ಅಂಟಿಕೊಂಡಿರುವುದು ಹಿಟ್ಟುತಿಗಣೆ. ಮೆಣಸಿನ ಎಲೆಯ ಅಂಚುಗಳು ಮೇಲಕ್ಕೆ ಸುರುಳಿಗೊಂಡು ದೋಣಿಯಾಕಾರವಾಗಿದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟವನ್ನೂ, ಅಂಚುಗಳು ಕೆಳಕ್ಕೆ ಬಾಗಿ ದೋಣಿಯನ್ನು ಬೋರಲು ಹಾಕಿದಂತಿದ್ದರೆ ನುಸಿಯನ್ನೂ ಶಂಕಿಸಬೇಕು. ನಮ್ಮ ಮೆಣಸಿನಕಾಯಿ ಸೀಮೆಯ ರೈತರು 'ಮುಟುರು' ಎಂದು ಕರೆಯುವ ಪೀಡೆ ಇದೇ. ಬಿಳಿನೊಣವು ಹೊತ್ತು ತರುವ ನಂಜಾಣುವಿನಿಂದಲೂ ಎಲೆ ಕಿರಿದಾಗಿ ಸುಕ್ಕುಗಟ್ಟುತ್ತದೆ. ಅದಕ್ಕೆ ಮದ್ದಿಲ್ಲ; ಆ ಒಂದು ಗಿಡವನ್ನು ತೆಗೆದು ಉಳಿದವನ್ನು ಕಾಪಾಡಬೇಕು. ಕಣ್ಣಿಗೆ ಏನೂ ಕಾಣದಿದ್ದರೆ ಬಿಳಿಯ ಕಾಗದವನ್ನು ಹಿಡಿದು ಅದರ ಮೇಲೆ ರೆಂಬೆಯನ್ನು ಮೆಲ್ಲನೆ ತಟ್ಟಿರಿ. ಬಿದ್ದ ಧೂಳಿನಲ್ಲಿ ಕೆಲವು ಕಣಗಳು ನಡೆಯತೊಡಗಿದರೆ ಅವು ಧೂಳಲ್ಲ.

ಮೊದಲು ಕಾರಣ, ಅನಂತರ ಚಿಕಿತ್ಸೆ ಎಂಬ ಈ ಕ್ರಮಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉಜ್ಜ್ವಲ ನಿದರ್ಶನವಿದೆ. ಮಲೆನಾಡಿನ ಅಡಿಕೆಗೆ ಮಳೆಗಾಲದಲ್ಲಿ ಬರುವ ಕೊಳೆರೋಗದಿಂದ ತೋಟಗಾರರು ಕಂಗೆಟ್ಟಿದ್ದರು. ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. 1908ರಲ್ಲಿ ಮೈಸೂರು ಸರಕಾರದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಆ ರೋಗವನ್ನು ಅಭ್ಯಾಸಮಾಡಿ, ಅದಕ್ಕೆ ಕಾರಣವಾದ ಶಿಲೀಂಧ್ರದ ನಡವಳಿಕೆಯನ್ನು ಅರಿತು, 1910ರಲ್ಲಿ ತಮ್ಮ ಬರಹವನ್ನು ಪ್ರಕಟಿಸಿದರು. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಸಿಂಪಡಿಸುವ ಪದ್ಧತಿ ಇಂದಿಗೂ ನಡೆದುಬಂದಿದೆ. ರೈತರಿಟ್ಟ ಹೆಸರೂ ಸಾಮಾನ್ಯವಾದುದಲ್ಲ: ಕಾಫಿಯ ಎಲೆಯನ್ನು ಕೊಳೆಸುವ ಇನ್ನೊಂದು ಶಿಲೀಂಧ್ರಕ್ಕೆ 1876ರಲ್ಲಿಯೇ ವಿಜ್ಞಾನಿಗಳು 'ಪೆಲಿಕ್ಯುಲೇರಿಯ ಕೊಳೆರೋಗ' ಎಂದು ನಾಮಕರಣ ಮಾಡಿದ್ದರು. ಕನ್ನಡದಲ್ಲಿ ಓದುವವರಿಗೆ ವಿಜ್ಞಾನದ ಮಾತುಗಳಿಲ್ಲವೆಂದು ಹೇಳುವವರಿಗೆ ಈ ಒಂದು ಹೆಸರೇ ಉತ್ತರ.

ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. 2021ರ ಕೊನೆಯಲ್ಲಿ ಹೊರದೇಶದಿಂದ ಬಂದ ಥ್ರಿಪ್ಸ್ ಜಾತಿಯೊಂದು ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಹೊಲಗಳಿಗೆ ಮುತ್ತಿತು. ಅದು ಹೆಚ್ಚಾಗಿ ಹೂವಿನೊಳಗೆ ಅಡಗಿರುತ್ತಿತ್ತು. ಗಾಬರಿಗೊಂಡ ರೈತರು ಮದ್ದಿನ ಮೇಲೆ ಮದ್ದು ಸಿಂಪಡಿಸಿದರು. ಹಣ ಹೋಯಿತು, ಬೆಳೆಯೂ ಉಳಿಯಲಿಲ್ಲ.

"ನರ್ಸರಿಯಲ್ಲಿ ಹೊಸ ಗಿಡ ಸಿಗುವಾಗ ಇಷ್ಟೆಲ್ಲ ಶ್ರಮವೇಕೆ?" ಎಂದು ಕೆಲವರು ಕೇಳಬಹುದು. ಕಾರಣ ತಿಳಿಯದೆ ಗಿಡವನ್ನು ಬದಲಿಸಿದರೆ ಹಳೆಯ ಪೀಡೆ ಹೊಸ ಗಿಡಕ್ಕೂ ಹತ್ತುತ್ತದೆ. ಅಜ್ಜಿ ಕೊಟ್ಟು ಕಳುಹಿಸಿದ ಕರಿಬೇವಂತೂ ಯಾವ ನರ್ಸರಿಯಲ್ಲಿಯೂ ದೊರೆಯದು. ಇದಕ್ಕಿಂತ ದೊಡ್ಡ ಮಾತು ಮತ್ತೊಂದಿದೆ. ನಮ್ಮ ಕುಂಡಗಳು ಹೊಲದಲ್ಲಿಲ್ಲ, ನಾವು ಮಲಗುವ ಕೋಣೆಯ ಪಕ್ಕದಲ್ಲಿವೆ. ಕಿಟಕಿ ಮುಚ್ಚಿದ ಮನೆಯಲ್ಲಿ ಸಿಂಪಡಿಸಿದ ವಿಷವನ್ನು ತೊಟ್ಟಿಲಿನ ಕೂಸೂ ಉಸಿರಾಡುತ್ತದೆ. ಇಂದು ವಿಷ ಬಿದ್ದ ಕರಿಬೇವು ನಾಳೆ ಒಗ್ಗರಣೆಗೆ ಬರುತ್ತದೆ. ತುಳಸಿಯ ದಳ ತೀರ್ಥದಲ್ಲಿ ಬಾಯಿಗೆ ಬೀಳುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಪೀಡೆ ಹತ್ತಿದ ಕುಂಡವನ್ನು ಮೊದಲು ಬೇರೆಯಾಗಿಡಿರಿ. ಊರಿನಿಂದ ತಂದ ಗಿಡವನ್ನೂ ಎರಡು ವಾರ ದೂರವಿರಿಸಿ ನೋಡಿರಿ. ಬಯಲಿನಲ್ಲಿ ಮಳೆಯು ಕೀಟಗಳನ್ನು ತೊಳೆಯುತ್ತದೆ, ಗುಲಗಂಜಿ ಹುಳು ಹೇನನ್ನು ತಿನ್ನುತ್ತದೆ. ಮನೆಯೊಳಗೆ ಮಳೆಯೂ ಇಲ್ಲ, ಆ ಹುಳುವೂ ಇಲ್ಲ. ಆದುದರಿಂದ ಆ ಕೆಲಸ ನಮ್ಮ ಪಾಲಿನದು. ಎಲೆಯ ಬೆನ್ನನ್ನು ನೀರಿನಿಂದ ಚೆನ್ನಾಗಿ ತೊಳೆಯಿರಿ. ಅಷ್ಟಕ್ಕೂ ಹೋಗದಿದ್ದರೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚೆಯಷ್ಟು ಬೇವಿನ ಎಣ್ಣೆಯನ್ನೂ ಕೆಲವು ಹನಿ ಸೋಪಿನ ದ್ರವವನ್ನೂ ಬೆರೆಸಿ ಸಂಜೆಯ ಹೊತ್ತು ಸಿಂಪಡಿಸಿರಿ. ಮೊಟ್ಟೆಗಳು ಒಡೆದು ಮರಿಗಳು ಬರುವುದರಿಂದ ವಾರದ ಮೇಲೆ ಮತ್ತೊಮ್ಮೆ ನೋಡುವುದು ಅಗತ್ಯ. ಹೀಗೆ ಉಪಚರಿಸಿದ ಗಿಡದ ಎಲೆಯನ್ನು ತೊಳೆಯದೆ ಅಡಿಗೆಗೆ ಬಳಸಬೇಡಿರಿ.

ನಮ್ಮ ಶಾಲೆಗೆ ನನ್ನದೊಂದು ಸೂಚನೆಯಿದೆ. ಪ್ರತಿ ತರಗತಿಗೂ ಒಂದು ಕುಂಡ, ಒಂದು ಭೂತಗನ್ನಡಿ, ಒಂದು ನೋಟುಪುಸ್ತಕ ಇರಲಿ. ವಾರಕ್ಕೊಮ್ಮೆ ಎಲೆಯ ಎರಡೂ ಬದಿಗಳನ್ನು ಕಂಡು, ಕಂಡುದನ್ನು ಕಂಡಂತೆ ಕನ್ನಡದಲ್ಲಿ ಬರೆಯಲಿ. 1936ರಲ್ಲಿ ಬಿಹಾರದ ಪೂಸಾದಿಂದ ದೆಹಲಿಗೆ ಬಂದ ಕೃಷಿ ಸಂಶೋಧನಾ ಸಂಸ್ಥೆ ಈ ನಗರದಲ್ಲಿಯೇ ಇದೆ. ಅಲ್ಲಿಯ ಕೃಷಿ ಮೇಳಕ್ಕೆ ಆ ಪುಸ್ತಕದೊಡನೆ ಹೋಗುವ ವಿದ್ಯಾರ್ಥಿಯ ಬಳಿ ಕೇಳಲು ನಿಜವಾದ ಪ್ರಶ್ನೆಗಳಿರುತ್ತವೆ. ಇದಕ್ಕೆ ಹೆಚ್ಚಿನ ಹಣ ಬೇಡ. ಬೇಕಾದುದು ಎಲೆಯನ್ನು ತಿರುವಿ ನೋಡುವ ತಾಳ್ಮೆಯೊಂದೇ.